ಹನ್ನೆರಡು ಸೊನ್ನೆ ಸೊನ್ನೆ

ಸುಭದ್ರಮ್ಮ ಮೈಕ್ರೋಮೀಟರ್ ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು. ತೊಳೆದ ಕೈಯನ್ನು ಸೆರಗಿಗೆ ಒರೆಸುತ್ತಿರಲಿಲ್ಲ, ಗಾಳಿಗೆ ಹಿಡಿದು ಆರಿಸುತ್ತಿದ್ದರು. ಸೆರಗಿನ ಎಳೆಯೊಂದು ಬೆರಳಿಗೆ ಅಂಟಿ ಅಲ್ಲಿಂದ ಪಿನ್ನಿನ ಮೇಲೆ ಕೂತರೂ ಅಳತೆ ಸುಳ್ಳಾಗುತ್ತದೆ ಎನ್ನುತ್ತಿದ್ದರು. ಆಮೇಲೆ ಹಳೆಯ ಪಂಚೆಯ ತುಂಡಿನಿಂದ ಮೈಕ್ರೋಮೀಟರಿನ ಎರಡೂ ಮುಖ ಒರೆಸಿ, ನಡುವೆ ಏನೂ ಇಡದೆ ಮುಚ್ಚಿ, ಸೊನ್ನೆ ಸರಿಯಾಗಿ ಕೂಡುತ್ತದೆಯೇ ಎಂದು ನೋಡುವರು. ಅದಾದ ಮೇಲೆಯೇ ಮೊದಲ ಪಿನ್ನು. ತುದಿಯ ಗುಂಡಿಯನ್ನು ಮೂರು ಸಲ ಟಿಕ್ ಎನ್ನುವಷ್ಟು ತಿರುಗಿಸಿ, ಉಸಿರು ಬಿಗಿಹಿಡಿದು ಗೆರೆ ಓದಿ, ಅಂಕಿಗಳನ್ನು ಒಂದೊಂದಾಗಿ ಹೇಳುವರು. ‘ಹನ್ನೆರಡು, ಸೊನ್ನಿ, ಒಂದು. ಹನ್ನೆರಡು, ಸೊನ್ನಿ, ಸೊನ್ನಿ.’

ಪಕ್ಕದಲ್ಲಿ ಕೂತು ನಾನು ಅದನ್ನು ಕಂಪ್ಯೂಟರಿಗೆ ತುಂಬುತ್ತಿದ್ದೆ.

ಕೆ.ಆರ್. ಪುರದ ರೈಲು ನಿಲ್ದಾಣದ ಆಚೆ, ತಗಡಿನ ಮಾಡಿನ ವರ್ಕ್‌ಶಾಪು ಅದು. ಎರಡು ಲೇತು, ಒಂದು ಗ್ರೈಂಡಿಂಗ್ ಮಷೀನು, ಕಂಪ್ಯೂಟರಿನಿಂದ ನಡೆಯುವ ಒಂದು ಸಿಎನ್‌ಸಿ ಮಷೀನು, ಹನ್ನೊಂದು ಜನ ಕೆಲಸಗಾರರು. ಮಾಲೀಕರು ಮುನೀಂದ್ರ. ದೊಮ್ಮಲೂರಿನಲ್ಲಿ ಆಫೀಸಿರುವ ಒಂದು ಕಂಪನಿಗೆ ನಾವು ಉಕ್ಕಿನ ಪಿನ್ನುಗಳನ್ನು ಮಾಡಿ ಕೊಡುತ್ತಿದ್ದೆವು. ಪಿನ್ನಿನ ದಪ್ಪ ಹನ್ನೆರಡು ಮಿಲಿಮೀಟರ್ ಇರಬೇಕು. ಹೆಚ್ಚೆಂದರೆ 12.02, ಕಡಿಮೆಯೆಂದರೆ 11.98, ಅದರ ಆಚೆ ಈಚೆ ಹೋದದ್ದು ಗುಜರಿಗೆ. ಆ ಗಡಿಯನ್ನು ಕಾಯುವವರು ಸುಭದ್ರಮ್ಮ. ಕೊನೆಯ ತಪಾಸಣೆ ಅವರದು. ಅವರು ಸರಿ ಎಂದರೆ ಪೆಟ್ಟಿಗೆ ಹೊರಡುತ್ತಿತ್ತು.

ಅವರು ಓದಿದ್ದು ಐದನೆಯ ಇಯತ್ತೆ. ಊರು ಶಹಾಪುರದ ಹತ್ತಿರ. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಸಾಯಬಣ್ಣನ ಜೊತೆ ಬೆಂಗಳೂರಿಗೆ ಬಂದು, ಇಂದಿರಾನಗರದಲ್ಲಿ ಹಳೆಯ ಬಂಗಲೆಗಳನ್ನು ಕೆಡವಿ ಅಂಗಡಿ ಕಟ್ಟುತ್ತಿದ್ದ ಕಡೆ ಒಂದು ವರ್ಷ ಜಲ್ಲಿ ಹೊತ್ತಿದ್ದರು. ಸಾಯಬಣ್ಣನಿಗೆ ಅಲ್ಲೇ ಒಂದು ಕಟ್ಟಡದ ಕಾವಲು ಕೆಲಸ ಸಿಕ್ಕಿತು. ಇವರು ಮುನೀಂದ್ರರ ವರ್ಕ್‌ಶಾಪಿಗೆ ಕಸ ಗುಡಿಸಲು ಸೇರಿದರು. ಆಗ ಅದು ಹಲಸೂರಿನ ಒಂದು ಗಲ್ಲಿಯಲ್ಲಿತ್ತು.

ಆಗ ಅಲ್ಲಿ ಅಳತೆ ನೋಡುತ್ತಿದ್ದವರು ಒಬ್ಬ ವಯಸ್ಸಾದ ತಮಿಳು ಮೇಸ್ತ್ರಿ. ಕಣ್ಣು ಮಂಜಾಗಿದ್ದರೂ ಒಪ್ಪಿಕೊಳ್ಳದವರು. ಮೈಕ್ರೋಮೀಟರಿನಲ್ಲಿ ಪೂರ್ತಿ ಮಿಲಿಮೀಟರಿನ ಗೆರೆ ಮೇಲಿದ್ದರೆ, ಅರ್ಧದ ಗೆರೆ ಕೆಳಗಿರುತ್ತದೆ. ಆ ಅರ್ಧ ಕಣ್ಣು ತಪ್ಪಿದರೆ ಅಳತೆಯಲ್ಲಿ ಅರ್ಧ ಮಿಲಿಮೀಟರೇ ತಪ್ಪುತ್ತದೆ. ಒಂದು ದಿನ ಮೇಸ್ತ್ರಿ ಒಂದು ತುಂಡನ್ನು ಅಳೆದು ಗುಜರಿಗೆ ಎಸೆದಾಗ, ಪೊರಕೆ ಹಿಡಿದು ನಿಂತಿದ್ದ ಸುಭದ್ರಮ್ಮ ಕೇಳಿದರಂತೆ, ಕೆಳಗೆ ಇನ್ನೊಂದು ಗೆರೆ ಕಾಣುತ್ತಿದೆಯಲ್ಲ, ಅದನ್ನು ಎಣಿಸುವುದಿಲ್ಲವೇ ಎಂದು. ಮೇಸ್ತ್ರಿ ಮೊದಲು ಬೈದರು. ಮತ್ತೆ ಅಳೆದರು. ಮರುದಿನದಿಂದ ಊಟದ ಬಿಡುವಿನಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಎರಡು ವರ್ಷದಲ್ಲಿ ಪೊರಕೆ ಬೇರೆಯವರ ಕೈಗೆ ಹೋಯಿತು.

ಮೇಸ್ತ್ರಿ ಕಲಿಸಿದ್ದು ಒಂದೇ ಪಾಠ. ಕಂಡಷ್ಟೂ ಬರೆ, ಕಾಣದ್ದನ್ನು ಬರೆಯಬೇಡ. ಸುಭದ್ರಮ್ಮನ ಹಳೆಯ ಉದ್ದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಸ್ಟೀಲ್ ಸ್ಕೇಲಿನಲ್ಲಿ ನೋಡಿದ್ದರೆ 12 ಎಂದಷ್ಟೇ ಬರೆದಿರುತ್ತಿದ್ದರು. ಹಳೆಯ ವರ್ನಿಯರಿನಲ್ಲಿ ಆದರೆ 12.0. ಮೈಕ್ರೋಮೀಟರಿನಲ್ಲಿ ಆದರೆ 12.00. ಯಾವ ಸಾಧನದಿಂದ ಅಳೆದರು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಅಂಕಿಗಳನ್ನು ಎಣಿಸಿದರೆ ಸಾಕಿತ್ತು.

ಇದಕ್ಕೆ ‘ಸಾರ್ಥಕ ಅಂಕಿಗಳು’ ಎಂಬ ಹೆಸರಿದೆ ಎಂದು ನನಗೆ ಗೊತ್ತಿತ್ತು. ಸೇಡಂ ಕಡೆಯ ಹಳ್ಳಿಯಿಂದ ಬಂದು, ಭೌತಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿದವನು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಂಡವನು ನಾನೇ. ‘ದಶಮಾಂಶ ಬಿಂದುವಿನ ನಂತರ ಕೊನೆಯಲ್ಲಿ ಬರುವ ಸೊನ್ನೆಗಳು ಸಾರ್ಥಕ’ ಎಂಬ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಎರಡು ಅಂಕಕ್ಕೆ ಎರಡೂ ಪಡೆದಿದ್ದೆ. ಆ ಸೊನ್ನೆಯನ್ನು ಒಬ್ಬರು ಉಸಿರು ಹಿಡಿದು ನೋಡಿರುತ್ತಾರೆ ಎಂಬುದು ಮಾತ್ರ ಆ ಎರಡು ಅಂಕದಲ್ಲಿ ಇರಲಿಲ್ಲ.

ಮೂರು ವರ್ಷದ ಹಿಂದೆ ದೊಮ್ಮಲೂರಿನ ಕಂಪನಿಯವರು ಕೈಬರಹದ ವರದಿ ಬೇಡ, ಕಂಪ್ಯೂಟರಿನದೇ ಬೇಕು ಎಂದಾಗ ಮುನೀಂದ್ರ ನನ್ನನ್ನು ತೆಗೆದುಕೊಂಡರು. ಆರು ತಿಂಗಳು ನೋಡುತ್ತೇನೆ, ಸರಿಹೋದರೆ ಕಾಯಂ ಎಂದರು. ಉದ್ದ ಪುಸ್ತಕ ನಿಂತಿತು. ಸುಭದ್ರಮ್ಮ ಹೇಳುವುದು, ನಾನು ಟೈಪ್ ಮಾಡುವುದು ಎಂದಾಯಿತು. ಅವರಿಗೆ ಪುಸ್ತಕ ಬಿಡುವುದು ಇಷ್ಟವಿರಲಿಲ್ಲ. ಆದರೆ ನಾನು ಅವರ ಕಡೆಯವನು ಎಂದು ತಿಳಿದ ದಿನದಿಂದ ತಮ್ಮಾ ಎಂದು ಕರೆದರು, ವಾರಕ್ಕೆರಡು ದಿನ ನನಗೂ ಸೇರಿಸಿ ಜೋಳದ ರೊಟ್ಟಿ ತಂದರು.

ಮೊದಲ ತಿಂಗಳಲ್ಲೇ ನಾನು ಒಂದು ಕೆಲಸ ಮಾಡಿದೆ. ಒಂದೇ ಪಿನ್ನಿನ ಮೂರು ಕಡೆಯ ಅಳತೆ 12.00, 12.01, 12.01 ಬಂದಿತ್ತು. ಸರಾಸರಿ ತೆಗೆದು, ಕಂಪ್ಯೂಟರ್ ಕೊಟ್ಟಂತೆ 12.00666667 ಎಂದು ವರದಿಯಲ್ಲಿ ಹಾಕಿದೆ. ಅಷ್ಟು ಅಂಕಿ ಕಂಡರೆ ಕಂಪನಿಯವರಿಗೆ ನಮ್ಮ ಮೇಲೆ ಗೌರವ ಬರುತ್ತದೆ ಎಂದು ನಂಬಿದ್ದೆ. ಸುಭದ್ರಮ್ಮ ಪರದೆಗೆ ಮುಖ ಹತ್ತಿರ ತಂದು ಎಣಿಸಿ, ಗ್ರೈಂಡಿಂಗ್ ಮಷೀನಿನ ರಿಜ್ವಾನನನ್ನು ಕೂಗಿ ಕರೆದರು.

‘ಬಾರೋ ರಿಜ್ವಾನಾ, ನೋಡಿಲ್ಲಿ. ನಾ ಕಂಡದ್ದು ಎರಡು ಅಂಕಿ, ನಮ್ಮ ತಮ್ಮ ಕಂಡದ್ದು ಎಂಟು. ಏನ್ ಕಣ್ಣಪ್ಪಾ ಇವು.’

ರಿಜ್ವಾನ್ ಶಿವಾಜಿನಗರದವನು. ಸುಭದ್ರಮ್ಮನ ಜೊತೆ ಹದಿನೈದು ವರ್ಷ ಕೆಲಸ ಮಾಡಿದವನು. ‘ಡಿಗ್ರಿ ಕಣ್ಣು ಅಕ್ಕ, ನಿಮ್ದು ಬರೀ ಐದ್ನೇ ಕ್ಲಾಸು’ ಎಂದು ನನ್ನ ಬೆನ್ನು ತಟ್ಟಿದ. ಉಳಿದವರೂ ನಕ್ಕರು.

ಅದು ಬೆಳೆದ ಮಾತೇನಲ್ಲ. ಅಂದು ಮಧ್ಯಾಹ್ನ ಸುಭದ್ರಮ್ಮನೇ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದರು, ಕಾಣದ ಅಂಕಿ ಹಾಕಿದರೆ ಯಾರಾದರೂ ಅದನ್ನು ನಂಬಿಬಿಡುತ್ತಾರೆ ಎಂದು ತಿಳಿಸಿಯೂ ಹೇಳಿದರು. ನಾನು ಸರಾಸರಿಯನ್ನು 12.01 ಎಂದು ತಿದ್ದಿದೆ. ಆದರೆ ಆ ನಗು ನನ್ನೊಳಗೆ ಹೋಗಿ ಕೂತಿತು. ನನ್ನ ಡಿಗ್ರಿಯ ಮೇಲೆ ಯಾರೂ ನಗಬಾರದು ಎಂಬುದು ಆಗ ನನಗೆ ಬಹಳ ದೊಡ್ಡ ವಿಷಯವಾಗಿತ್ತು.

ಎರಡು ವಾರ ಕಳೆದಿರಬೇಕು, ಸುಭದ್ರಮ್ಮ ಇನ್ನೊಂದು ವಿಷಯ ಗಮನಿಸಿದರು. ನಾನು 12.00 ಎಂದು ಒತ್ತಿದರೆ ಕಂಪ್ಯೂಟರ್ ಕೊನೆಯ ಸೊನ್ನೆಗಳನ್ನು ತಾನೇ ಅಳಿಸಿ ಬರೀ 12 ಎಂದು ತೋರಿಸುತ್ತಿತ್ತು. 11.99 ಹಾಗೇ ಉಳಿಯುತ್ತಿತ್ತು, 12.01 ಉಳಿಯುತ್ತಿತ್ತು, 12.00 ಮಾತ್ರ ಬೋಳಾಗುತ್ತಿತ್ತು.

‘ತಮ್ಮಾ, ನನ್ನ ಸೊನ್ನಿ ಎಲ್ಲಿ ಹೋದ್ವು?’ ಎಂದು ಕೇಳಿದರು.

ಕಂಪ್ಯೂಟರ್ ಅದನ್ನು ತೋರಿಸುವುದಿಲ್ಲ, ಹನ್ನೆರಡು ಎಂದರೂ ಹನ್ನೆರಡು ಸೊನ್ನೆ ಸೊನ್ನೆ ಎಂದರೂ ಬೆಲೆ ಒಂದೇ ಎಂದೆ.

‘ಒಂದೇ ಹ್ಯಾಂಗಾಗ್ತದ? ಸ್ಕೇಲ್ ಹಚ್ಚಿ ನೋಡಿದ್ರೂ ಹನ್ನೆರಡೇ. ಇದು ನಾ ನೋಡೀನಿ. ಚುಕ್ಕಿ ಮುಂದಿನ ಎರಡು ಮನಿ ನೋಡೀನಿ, ಎರಡರಾಗೂ ಏನಿಲ್ಲ ಅಂತ ನೋಡೀನಿ.’

ಅವರು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆ ಸಾಲಿಗೆ ಎರಡು ದಶಮಾಂಶ ಸ್ಥಾನ ಇರಲಿ ಎಂದು ಕಂಪ್ಯೂಟರಿಗೆ ಹೇಳಲು ಎರಡು ಸಲ ಒತ್ತಿದರೆ ಸಾಕಾಗಿತ್ತು. ನಾನು ಒತ್ತಲಿಲ್ಲ. ಒತ್ತಿದರೆ ಇವರಿಂದ ಎರಡನೆಯ ಸಲ ಪಾಠ ಹೇಳಿಸಿಕೊಂಡಂತಾಗುತ್ತದೆ, ರಿಜ್ವಾನನಿಗೆ ಮತ್ತೆ ಕೂಗು ಹೋಗುತ್ತದೆ ಎಂದುಕೊಂಡೆ. ಇವೆಲ್ಲ ಕಂಪ್ಯೂಟರಿನ ವಿಷಯ, ನಿಮಗೆ ಅರ್ಥವಾಗುವುದಿಲ್ಲ ಎಂದುಬಿಟ್ಟೆ. ಅವರು ನನ್ನ ಮುಖ ನೋಡಿ, ಮುಂದಿನ ಪಿನ್ನು ಎತ್ತಿಕೊಂಡರು. ಅಲ್ಲಿಂದ ಮುಂದೆ ‘ಸೊನ್ನಿ, ಸೊನ್ನಿ’ ಎಂಬುದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು.

ನನ್ನ ಆರನೆಯ ತಿಂಗಳಲ್ಲಿ ದೊಮ್ಮಲೂರಿನಿಂದ ಶ್ರೀನಾಥ್ ಬಂದರು. ಕಂಪನಿಯ ಗುಣಮಟ್ಟ ನೋಡುವ ಇಂಜಿನಿಯರು. ನಾವು ಕಳಿಸಿದ ಒಂದು ಪೆಟ್ಟಿಗೆಯ ಪಿನ್ನುಗಳು ಅವರ ಯಂತ್ರದ ತೂತಿನಲ್ಲಿ ಕೂರದೆ ಸಿಕ್ಕಿಕೊಂಡಿದ್ದವು. ಇಡೀ ಜೋಡಣೆ ಎರಡು ದಿನ ನಿಂತಿತ್ತಂತೆ. ಅವರು ಒಳಗೆ ಕೂರಲೂ ಇಲ್ಲ. ಮಷೀನುಗಳ ನಡುವೆಯೇ ನಿಂತು ನಮ್ಮ ವರದಿ ಬಿಡಿಸಿದರು. ಕೆಲಸ ತಾನಾಗಿ ನಿಂತು ಎಲ್ಲರೂ ಆ ಕಡೆ ತಿರುಗಿದರು.

ಐವತ್ತು ಪಿನ್ನುಗಳ ಅಳತೆಯ ಪಟ್ಟಿ ಅದು. ಅದರಲ್ಲಿ ಇಪ್ಪತ್ತಮೂರು ಕಡೆ ಬರೀ 12 ಎಂದಿತ್ತು. ಶ್ರೀನಾಥ್ ಅವುಗಳಿಗೆಲ್ಲ ಕೆಂಪು ಗುರುತು ಹಾಕಿಕೊಂಡು ಬಂದಿದ್ದರು.

‘ಉಳಿದಿದ್ದಕ್ಕೆಲ್ಲ ಎರಡು ಡೆಸಿಮಲ್ ಇದೆ, ಇವಕ್ಕೆ ಮಾತ್ರ ಇಲ್ಲ. ಇದು ಅಳತೆ ಅಲ್ಲ ಮುನೀಂದ್ರ, ಡ್ರಾಯಿಂಗಲ್ಲಿರೋ ಅಳತೆ ನೋಡ್ಕೊಂಡು ತುಂಬಿರೋದು. ಅರ್ಧ ಅಳೆದಿದ್ದಾರೆ, ಅರ್ಧ ಕೂತಲ್ಲೇ ಬರೆದಿದ್ದಾರೆ. ಯಾರು ನೋಡಿದ್ದು?’

ಮುನೀಂದ್ರ ಸುಭದ್ರಮ್ಮನ ಕಡೆ ನೋಡಿದರು. ಅವರು ಎದ್ದು ನಿಂತರು. ‘ಎಲ್ಲ ಅಳ್ದಿದೀನಿ ಸಾರ್. ಸೊನ್ನೆ ಸೊನ್ನೆ ಅಂತ ಹೇಳಿದೀನಿ. ಈ ತಮ್ಮನ್ನ ಕೇಳಿ’ ಎಂದರು.

ಶ್ರೀನಾಥ್ ನನ್ನ ಕಡೆ ತಿರುಗಿದರು. ಒಳ್ಳೆಯ ಮನುಷ್ಯರು ಅವರು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ‘ಇದು ಕಂಪ್ಯೂಟರ್ ಮಾಡಿದ್ದಾ, ಇವರು ಹೇಳಿದ್ದೇ ಹೀಗಾ?’

ನನ್ನ ತಲೆಯಲ್ಲಿ ಆಗ ಓಡಿದ್ದು ಇಷ್ಟೇ. ಆರು ತಿಂಗಳಿಗೆ ಇನ್ನು ಇಪ್ಪತ್ತು ದಿನ ಉಳಿದಿದೆ. ಡಿಗ್ರಿ ಮಾಡಿದವನಿಗೆ ಸೊನ್ನೆ ಉಳಿಸಿಕೊಳ್ಳಲು ಬರಲಿಲ್ಲ ಎಂದು ಇಷ್ಟು ಜನರ ಎದುರು ಹೇಳಬೇಕು. ಅದೂ ಒಬ್ಬರು ಮೊದಲೇ ಹೇಳಿದ ಮೇಲೂ.

‘ಹೇಳಿದ್ದನ್ನೇ ಟೈಪ್ ಮಾಡಿದೀನಿ ಸಾರ್’ ಎಂದೆ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಬೆರಳು ಸೊನ್ನೆಗಳನ್ನು ಒತ್ತಿತ್ತು ನಿಜ. ಎಷ್ಟೋ ದಿನ ನಾನು ಅದನ್ನೇ ನನಗೆ ಹೇಳಿಕೊಂಡು ಮಲಗಿದ್ದೇನೆ. ಆದರೆ ಅಲ್ಲಿ ನಿಂತಿದ್ದವರಿಗೆಲ್ಲ ಕೇಳಿಸಿದ್ದು ಬೇರೆ, ಹಾಗೆ ಕೇಳಿಸಲಿ ಎಂದೇ ನಾನು ಹೇಳಿದ್ದೆ.

ಸುಭದ್ರಮ್ಮ ಪಂಚೆಯ ತುಂಡನ್ನು ಮಡಿಸಿ ಮೇಜಿನ ಮೇಲಿಟ್ಟರು. ರಿಜ್ವಾನ್ ಬಗ್ಗಿ ಮಷೀನಿನ ಕೆಳಗೆ ಏನನ್ನೋ ಹುಡುಕಿದ. ‘ಇಷ್ಟು ವರ್ಷ ಆದ್ಮೇಲೆ ನೋಡ್ದೇ ಬರೀತಾರೆ ಅಂದ್ರೆ ಏನ್ ಹೇಳೋದು’ ಎಂದು ಶ್ರೀನಾಥ್ ಕಾಗದ ಮಡಿಸಿದರು.

ಆ ಮಧ್ಯಾಹ್ನವೇ ಮುನೀಂದ್ರ ಬಂದು ಮೈಕ್ರೋಮೀಟರಿನ ಪೆಟ್ಟಿಗೆಯನ್ನು ಅವರ ಮೇಜಿನಿಂದ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಗದರಲಿಲ್ಲ. ಸ್ವಲ್ಪ ದಿನ ಪ್ಯಾಕಿಂಗ್ ನೋಡ್ಕೊಳಿ ಸುಭದ್ರಮ್ಮ, ಕಂಪನಿಯವರಿಗೆ ಸಮಾಧಾನ ಆಗಲಿ ಎಂದರು. ಪಿನ್ನಿಗೆ ಎಣ್ಣೆ ಸವರಿ ಕಾಗದ ಸುತ್ತುವ ಕೆಲಸ ಅದು.

ನನಗೆ ಮೈಕ್ರೋಮೀಟರ್ ಓದಲು ಬರುತ್ತಿತ್ತು, ಆದರೆ ಸುಭದ್ರಮ್ಮನಷ್ಟು ಅಲ್ಲ. ಮೂರನೆಯ ದಿನ ಒಂದೇ ಪಿನ್ನು ಮೂರು ಸಲಕ್ಕೆ ಮೂರು ಬಗೆ ತೋರಿಸಿತು. ಯಾರೂ ಇಲ್ಲದ ಹೊತ್ತು ನೋಡಿ ಪ್ಯಾಕಿಂಗ್ ಮೇಜಿನ ಹತ್ತಿರ ಹೋಗಿ ಕೇಳಿದೆ. ಅವರು ಕೈಯ ಎಣ್ಣೆ ತೊಳೆದು, ಆರಿಸಿಕೊಂಡು ಬಂದು, ನಾನು ತಿರುಗಿಸುವುದನ್ನು ನೋಡಿ, ಬಿಗಿ ಹೆಚ್ಚಾಯಿತು ಎಂದರು. ನನ್ನ ಬೆರಳನ್ನು ಹಿಡಿದು ಸರಿಯಾದ ಜಾಗದಲ್ಲಿ ಇಟ್ಟರು. ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅವರು ಅಷ್ಟರಲ್ಲಿ ತಿರುಗಿ ನಡೆದಿದ್ದರು. ರೊಟ್ಟಿ ತರುವುದನ್ನು ಮಾತ್ರ ನಿಲ್ಲಿಸಿದ್ದರು.

ತಿಂಗಳು ಮುಗಿದ ದಿನ ಅವರು ಕೆಲಸ ಬಿಟ್ಟರು. ಅದೇ ವಾರ ನಾನು ಕಾಯಂ ಆದೆ.

ಮತ್ತೆರಡು ತಿಂಗಳಿಗೆ ನಿಜ ಹೊರಬಿತ್ತು. ನಮ್ಮಲ್ಲಿಂದ ಹೊರಟ ಪಿನ್ನುಗಳಿಗೆ ತುಕ್ಕು ಹಿಡಿಯದಂತೆ ಕಂಪನಿಯವರು ಬೇರೆ ಕಡೆ ಸತುವಿನ ಲೇಪ ಹಾಕಿಸುತ್ತಿದ್ದರು. ಅಲ್ಲಿ ಲೇಪ ದಪ್ಪವಾಗಿ ಬಿದ್ದಿತ್ತು. ನಮ್ಮ ಪಿನ್ನು ಹನ್ನೆರಡು ಸೊನ್ನೆ ಸೊನ್ನೆಯೇ ಇತ್ತು. ಲೇಪ ಸೇರಿ ಗಡಿ ದಾಟಿತ್ತು. ಶ್ರೀನಾಥ್ ಒಂದು ಸಾಲಿನ ಪತ್ರ ಕಳಿಸಿದರು, ತೊಂದರೆ ಲೇಪದ್ದು, ನಿಮ್ಮ ಮೇಲಿನ ದೂರು ಮುಗಿದಿದೆ ಎಂದು. ಮುನೀಂದ್ರ ಎಲ್ಲರಿಗೂ ಮಿರ್ಚಿ ಬಜ್ಜಿ ತರಿಸಿದರು. ಸುಭದ್ರಮ್ಮನ ಹೆಸರನ್ನು ಯಾರೂ ಎತ್ತಲಿಲ್ಲ.

ಕ್ಯಾಬಿನ್ನಿಗೆ ಹೋಗಿ ಮುನೀಂದ್ರರಿಗೆ ಎಲ್ಲ ಹೇಳಲು ನನಗೆ ಮತ್ತೂ ಒಂದು ತಿಂಗಳು ಬೇಕಾಯಿತು. ಸೊನ್ನೆ ತಿಂದದ್ದು ಕಂಪ್ಯೂಟರು, ಸುಭದ್ರಮ್ಮ ಅದನ್ನು ಮೊದಲೇ ತೋರಿಸಿದ್ದರು, ನಾನು ಸರಿಪಡಿಸಲಿಲ್ಲ, ಶ್ರೀನಾಥರ ಎದುರು ಮುಚ್ಚಿಟ್ಟೆ. ಮುನೀಂದ್ರ ತಿರುಗಿಸುತ್ತಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

‘ಈಗ ಹೇಳ್ತಿದೀಯಲ್ಲ ಶರಣ’ ಎಂದರು. ಆಮೇಲೆ, ‘ಅವ್ರನ್ನ ವಾಪಸ್ ಕರೆಸೋಕೂ ಈಗ ಆ ಕೆಲ್ಸ ಇಲ್ಲಪ್ಪ. ಹೊಸ ಗೇಜು ಬಂತು, ಅದೇ ಓದತ್ತೆ, ಅದೇ ಬರ್ಕೊಳ್ಳತ್ತೆ’ ಎಂದರು.

ಆ ಭಾನುವಾರ ಸುಭದ್ರಮ್ಮನ ಮನೆ ಹುಡುಕಿಕೊಂಡು ಹೋದೆ. ಕೆ.ಆರ್. ಪುರದ ಬಾಡಿಗೆ ಕೋಣೆ ಬಿಟ್ಟು ಅವರು ಹೊರಮಾವಿಗೆ ಹೋಗಿದ್ದರು. ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು, ವರಾಂಡ ಒರೆಸುವ ಕೆಲಸ. ಅಂದರೆ ಬೆಂಗಳೂರಿಗೆ ಬಂದ ಹೊಸದರಲ್ಲಿ ಕೈಗೆ ಬಂದಿದ್ದ ಪೊರಕೆಯೇ ಮತ್ತೆ ಬಂದಿತ್ತು. ಸಾಯಬಣ್ಣ ಕಾವಲಿಗೆ ಹೋಗಿದ್ದ. ಮಗಳು ಕಾವೇರಿ ಬಾಗಿಲು ತೆರೆದಳು. ಪಿಯುಸಿ ಓದುವ ಹುಡುಗಿ. ನಾನು ಯಾರೆಂದು ಹೇಳಿದ ಕೂಡಲೇ ಅವಳ ಮುಖ ಬದಲಾಯಿತು.

ಕೂತು ಎಲ್ಲವನ್ನೂ ಹೇಳಿದೆ. ಬೆಳೆಸಲಿಲ್ಲ, ನೆಪ ಹೇಳಲಿಲ್ಲ. ಸುಭದ್ರಮ್ಮ ಕಾಳು ಆರಿಸುತ್ತ ಕೇಳಿಸಿಕೊಂಡರು. ನಡುವೆ ಕಾವೇರಿಯೇ ಮಾತಾಡಿದಳು.

‘ಅಣ್ಣಾ, ನಮ್ ಬುಕ್ಕಲ್ಲೂ ಇದೆ ಅದು. ಮೊದಲ್ನೇ ಚಾಪ್ಟರ್ರು. ನೀವು ಓದಿಲ್ವಾ?’

‘ಸುಮ್ನಿರು’ ಎಂದರು ತಾಯಿ.

ಸುಭದ್ರಮ್ಮ ಮೊರವನ್ನು ಪಕ್ಕಕ್ಕಿಟ್ಟರು. ‘ಕೆಲ್ಸದ್ದೇನಿಲ್ಲ ತಮ್ಮಾ. ಕೆಲ್ಸ ಸಿಗ್ತದ, ಈಗ ಸಿಕ್ಕದಲ್ಲ. ನೋಡ್ಲಾರ್ದ ಬರ್ದಾಳ ಅಂದ್ರಲ್ಲ, ಅದು. ಅದೂ ಎಲ್ಲಾರ್ ಮುಂದ.’ ಮತ್ತೆ, ‘ನೀ ನಂಗ ಹೇಳಿದ್ರ ಏನ್ ಬಂತು, ನಂಗ ಗೊತ್ತಿದ್ದದ್ದೇ. ಅಲ್ಲಿ ಹೇಳು. ಮಷೀನಿನ ಮುಂದ ನಿಂತು ಹೇಳು’ ಎಂದರು.

ನಾಳೆಯೇ ಹೇಳುತ್ತೇನೆ ಎಂದೆ. ಶ್ರೀನಾಥರಿಗೂ ಬರೆಯುತ್ತೇನೆ ಎಂದೆ. ಅವರು ಚಹಾ ಕೊಡಿಸಿದರು. ಕಾವೇರಿ ಲೋಟವನ್ನು ನನ್ನ ಕೈಗೆ ಕೊಡದೆ ನೆಲದ ಮೇಲೆ ಇಟ್ಟು ಒಳಗೆ ಹೋದಳು.

ಸೋಮವಾರ ಹತ್ತೂವರೆಯ ಚಹಾ ಹೊತ್ತಿಗೆ ಗ್ರೈಂಡಿಂಗ್ ಮಷೀನಿನ ಎದುರು ನಿಂತು, ಒಂದು ಮಾತು ಹೇಳಬೇಕು ಎಂದೆ. ಲೋಟ ಹಿಡಿದವರು ತಿರುಗಿದರು. ಆಗ ನನಗೆ ಎಣಿಸುವ ಬುದ್ಧಿ ಬಂತು. ಶ್ರೀನಾಥ್ ಬಂದ ದಿನ ಇದ್ದವರಲ್ಲಿ ಮೂವರು ಪೀಣ್ಯದ ಕಡೆ ಹೋಗಿದ್ದರು, ಇಬ್ಬರು ಊರಿಗೆ ವಾಪಸಾಗಿದ್ದರು, ಇನ್ನಿಬ್ಬರು ರಾತ್ರಿ ಪಾಳಿಗೆ. ಎದುರಿಗಿದ್ದವರು ಹೆಚ್ಚಿನವರು ಒಡಿಶಾದಿಂದ ಹೊಸದಾಗಿ ಬಂದವರು. ಹಳಬ ಎಂದರೆ ರಿಜ್ವಾನ್ ಒಬ್ಬನೇ. ಮುನೀಂದ್ರ ಕ್ಯಾಬಿನ್ನಿನ ಗಾಜಿನ ಆಚೆ ಫೋನಿನಲ್ಲಿದ್ದರು.

ಆದರೂ ಹೇಳಿದೆ. ಕನ್ನಡದಲ್ಲಿ ಹೇಳಿ, ಮತ್ತೆ ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಸುಭದ್ರಮ್ಮ ಪ್ರತಿಯೊಂದು ಪಿನ್ನನ್ನೂ ಅಳೆದಿದ್ದರು, ಸೊನ್ನೆಗಳನ್ನು ಕಳೆದವನು ನಾನು, ಕೇಳಿದಾಗ ಒಪ್ಪಿಕೊಳ್ಳದವನೂ ನಾನು. ಹೊಸಬರು ಗೌರವದಿಂದಲೇ ಕೇಳಿದರು. ಮುಗಿದ ಮೇಲೆ ಒಬ್ಬ, ಸುಭದ್ರಮ್ಮ ಅಂದರೆ ಯಾರು ಎಂದು ಹಿಂದಿಯಲ್ಲಿ ಕೇಳಿದ.

‘ಇಧರೀಚ್ ಬೈಠ್ತೇ ಥೇ’, ಇಲ್ಲೇ ಕೂರುತ್ತಿದ್ದರು, ಎಂದು ರಿಜ್ವಾನ್ ನನ್ನ ಕುರ್ಚಿಯ ಪಕ್ಕಕ್ಕೆ ಕೈ ತೋರಿಸಿದ. ಆಮೇಲೆ ಲೋಟ ತೊಳೆಯಲು ನನ್ನ ಪಕ್ಕ ಬಂದು, ‘ನಂಗೊತ್ತಿತ್ತು ಗುರು. ದಿನಾ ಕೇಳಿಸ್ತಿತ್ತಲ್ಲ ಸೊನ್ನೆ ಸೊನ್ನೆ ಅಂತ. ನಾನೂ ಬಾಯ್ ಬಿಡ್ಲಿಲ್ಲ’ ಎಂದು ಮೆಲ್ಲಗೆ ಹೇಳಿದ. ಅಷ್ಟು ಜನರ ಎದುರು ಸುಭದ್ರಮ್ಮ ಕಳೆದುಕೊಂಡದ್ದನ್ನು ನಾನು ತಲುಪಿಸಿದ್ದು ಒಬ್ಬನಿಗೆ. ಅವನಿಗೋ ಅದು ಮೊದಲೇ ಗೊತ್ತಿತ್ತು.

ಶ್ರೀನಾಥರಿಗೆ ಬರೆದ ಪತ್ರಕ್ಕೆ, ಅವರು ಆ ಕಂಪನಿ ಬಿಟ್ಟಿದ್ದಾರೆ ಎಂದು ಬೇರೆ ಯಾರೋ ಉತ್ತರ ಕೊಟ್ಟರು.

ಸಂಜೆ ಸುಭದ್ರಮ್ಮನಿಗೆ ಫೋನ್ ಮಾಡಿ, ಹೇಳಿದೆ ಎಂದೆ. ಯಾರ್ಯಾರಿದ್ದರು ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಯಿತು, ಹೇಳಲಿಲ್ಲ. ರಿಜ್ವಾನ್ ಇದ್ದ, ಉಳಿದವರು ಹೊಸಬರು ಎಂದೆ.

ಆ ಕಡೆ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಅವರು ಹಳಬರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಅವನಿದ್ದನೇ, ಇವನಿದ್ದನೇ ಎಂದು ಕೇಳಿದರು. ಒಂದೊಂದಕ್ಕೂ ನಾನು ಇಲ್ಲ ಎಂದೆ.

‘ಆತು ಬಿಡು’ ಎಂದರು. ಎರಡನೆಯ ಮಹಡಿಯಲ್ಲಿ ಯಾರೋ ಕರೆಯುತ್ತಿದ್ದಾರೆಂದು ಹೇಳಿ ಫೋನ್ ಇಟ್ಟರು.